ಫುಟ್‌ಬಾಲ್ ಪೈಲ್ವಾನರು

ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಪೈಲ್ವಾನರು ಒಂದು ಕಾಲದಲ್ಲಿ ದೇಶದ ಪರವಾಗಿ ಕುಸ್ತಿ ಆಡಿದವರು. ಈಗ ನಮ್ಮ ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಪಂದ್ಯ ಇದ್ದರೆ ಸಾಕು, ಹೊಟ್ಟೆಯ ಮೇಲೆ ಬಿರಿಯುವಂಥ ಜೆರ್ಸಿ ತೊಟ್ಟು, ಟಿವಿಯನ್ನು ಟೈರುಗಳ ಮೇಲೆ ಕೂರಿಸಿ, ದಾರಿಹೋಕರನ್ನೆಲ್ಲ ರಟ್ಟೆ ಹಿಡಿದು ಎಳೆದು ತರುತ್ತಾರೆ. ಹೀಗೇ ಊರೂರಲ್ಲೂ ಜನ ಸೇರಿಸಬೇಕೆಂದು ದೇಶದ ಹಳೇ ಪೈಲ್ವಾನರೆಲ್ಲ ಮಾತಾಡಿಕೊಂಡಿದ್ದಾರಂತೆ. ಗಾಳಿ ತುಂಬಿಸಲು ಬಂದವರೂ ಪಂದ್ಯ ಮುಗಿಯುವ ತನಕ ಕದಲುವ ಹಾಗಿಲ್ಲ. ಆಟದ ನಿಯಮ ಮಾತ್ರ ಪೈಲ್ವಾನರ ತಲೆಗೆ ಇವತ್ತಿಗೂ ಹತ್ತಿಲ್ಲ, ಎದುರಾಳಿ ಚೆಂಡು ತಂದಳೆಂದರೆ "ಕಾಲು ಹಿಡಿಯಮ್ಮಾ, ಕೆಡವು!" ಎಂದು ಬೆಂಚು ಮುರಿಯುವಂತೆ ಗುದ್ದುತ್ತಾರೆ. ಇವತ್ತು ಫೈನಲ್. ಆಟ ಸಮಸಮ, ಉಳಿದದ್ದು ಕೊನೆಯ ಪೆನಾಲ್ಟಿ. ನಮ್ಮ ಹುಡುಗಿ ಚೆಂಡಿನ ಮುಂದೆ ನಿಂತಾಗ ಅಂಗಡಿಯೆಲ್ಲ ಉಸಿರು ಬಿಗಿಹಿಡಿಯಿತು. ಪೈಲ್ವಾನರು ಟಿವಿಗೆ ಬೆನ್ನು ಹಾಕಿ ನಮ್ಮತ್ತ ತಿರುಗಿದರು. "ಸುಮ್ನೆ ಕೂರಬೇಡ್ರೋ, ಅವಳ ಹೆಸರು ಕೂಗ್ರೋ!" "ಅವಳಿಗೆಲ್ಲಿ ಕೇಳ್ಸುತ್ತೆ ಪೈಲ್ವಾನ್ರೇ?" ಎಂದೆ. ಕುಸ್ತಿಯಲ್ಲಿ ಮುದುಡಿಹೋದ ಅವರ ಕಿವಿ ಕೆಂಪಾಯಿತು. "ನನ್ನ ಕೊನೇ ಕುಸ್ತಿ ದಿನ ಇಡೀ ಸ್ಟೇಡಿಯಂನಲ್ಲಿ ನನ್ನ ಹೆಸರು ಕೂಗಿದ್ದು ಮೈಕ್ ಒಂದೇ ಕಣೋ."