ಮಕ್ಕಳು ಕಡೆದ ಬೆಣ್ಣೆ

ಹೈನುಗಾರರ ಮನೆಯಲ್ಲೇ ಹುಟ್ಟಿ ಬೆಳೆದ ಮುದುಕಿ ಆರ್ಲೀನ್ ಹುಕ್‌ಸ್ಟ್ರಾ, ಮೊದಲ ವಲಸಿಗರ ಬದುಕು ತೋರಿಸುವ ನಮ್ಮ ಐಯೋವಾ ಮ್ಯೂಸಿಯಂನಲ್ಲಿ ಉದ್ದ ಲಂಗ ತೊಟ್ಟು, ಪ್ರವಾಸ ಬಂದ ಶಾಲಾ ಮಕ್ಕಳ ಕೈಯಲ್ಲಿ ಬೆಣ್ಣೆ ಕಡೆಸುತ್ತಾಳೆ. ಮಕ್ಕಳು ತೋಳು ಸೋಲುವ ತನಕ ಕಡೆಯುತ್ತಾರೆ. ಬೆಣ್ಣೆ ಬಂದ ಕೂಡಲೇ ಮ್ಯಾನೇಜರ್ ಕರ್ಟಿಸ್ ಅದನ್ನು ಹಂದಿಗಳ ಮುಸುರೆ ಬಕೆಟ್ಟಿಗೆ ಹಾಕಿ, ಬ್ರೆಡ್ಡಿಗೆ ಅಂಗಡಿಯ ಬೆಣ್ಣೆ ಹಂಚುತ್ತಾನೆ. ಹೊಸ ನಿಯಮವಂತೆ, ಅದರ ಮನೆ ಹಾಳಾಗ!

ಮೊನ್ನೆ ಆ ಬಕೆಟ್ ಕಂಡು ಹುಡುಗಿಯೊಬ್ಬಳು ಅತ್ತೇಬಿಟ್ಟಳು. ಆರ್ಲೀನಳ ಪಿತ್ತ ನೆತ್ತಿಗೇರಿತು. ಉಳಿದಿದ್ದ ಬೆಣ್ಣೆಯ ಬಟ್ಟಲನ್ನು ಅವುಚಿಕೊಂಡಳು.

"ಇದೇನ್ ವಿಷಾನೇನಯ್ಯಾ?"

"ತಿಂದು ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಿಮ್ಮಜ್ಜಿ ಇದನ್ನೇ ತಿಂದು ನಿಮ್ಮಪ್ಪನ್ನ ಹೆತ್ತಿದ್ದು ಕಣೋ!"

ಬ್ರೆಡ್ಡಿಗೆ ದಪ್ಪಗೆ ಬಳಿದು, ಅವನ ಮುಖ ನೋಡುತ್ತಲೇ ತಿಂದಳು. ಮಕ್ಕಳು ಉಸಿರು ಬಿಗಿಹಿಡಿದರು.

ಸಂಜೆ ಬಸ್ಸು ಹೊರಟಾಗ ಕಿಟಕಿಗಳಿಂದ ಒಟ್ಟಿಗೇ ಕೂಗಿದರು:

"ಕರ್ಟಿಸ್ ಸಾರ್, ಆರ್ಲೀನಜ್ಜಿ ಇನ್ನೂ ಸತ್ತಿಲ್ಲ!"