ಹಾಡಲ್ಲಿ ಸತ್ತ ಮಂಜಣ್ಣ

ಇಲ್ಲ ಗುರು, ಮಂಜಣ್ಣನ್ನ ಸಾಯ್ಸಿದ್ದು ನಾವಲ್ಲ, ಪ್ರಾಸ. ದಾಸರಹಳ್ಳೀಲಿ ನಾನು, ಮುರುಗ, ಇಮ್ರಾನ್ ಸೇರ್ಕೊಂಡು, ಬೀದೀಲಿ ಮಚ್ಚು ಹಿಡೀಬೇಡಿ ಅಂತ ಒಂದು ರ‍್ಯಾಪ್ ಹಾಡು ಮಾಡಿದ್ವಿ. ನಮ್ಮ ಕ್ರಾಸಲ್ಲಿ ಏಟು ತಿಂದು ಬದುಕಿದ್ದ ಮಂಜಣ್ಣನ ಕತೇನೇ ಅದು, ಹೆಸರೂ ಅವನ್ದೇ. ಒಂದು ಸಾಲು 'ಕಣ್ಣು' ಅಂತ ಮುಗೀತು, ಮುಂದಿನದಕ್ಕೆ 'ಮಣ್ಣು' ಬೇಕಾಯ್ತು, ಹಾಡಲ್ಲೇ ಅವನ್ನ ಹೂತ್ಬಿಟ್ವಿ. ಸಕ್ಕತ್ ಹಿಟ್ ಆಯ್ತು! ಪೀಣ್ಯದ ಫ್ಯಾಕ್ಟರಿ ಹುಡುಗರ ಮೊಬೈಲಿಗೆಲ್ಲಾ ಬ್ಲೂಟೂತಲ್ಲಿ ಹಬ್ತು.

ಒಂದಿನ ಮಂಜಣ್ಣಾನೇ ನಾವು ಹಾಡು ರೆಕಾರ್ಡ್ ಮಾಡೋ ರೂಮಿಗೆ ನುಗ್ಗಿದ. ಇಮ್ರಾನ್ ಸೀದಾ ಮಂಚದ ಕೆಳಗೆ.

"ಲೇ, ಹೆಣ್ಣು ನೋಡಕ್ಕೆ ಹೋದ್ರೆ ಹುಡ್ಗಿ ತಮ್ಮ ನಿಮ್ ಹಾಡು ಹಾಕ್ದ ಕಣ್ರೋ! ಅಪಶಕುನ, ಸತ್ತೋನಿಗೆ ಹೆಣ್ಣು ಕೊಡಲ್ಲ ಅಂತಾವ್ಳೆ ಅವಳಜ್ಜಿ!"

"ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯಸ್ಸು ಜಾಸ್ತಿಯಂತೆ ಅಣ್ಣ," ಅಂದೆ.

"ಮುಚ್ಕೊಂಡು ಬದುಕ್ಸೋ!"

"ಆಯ್ತಣ್ಣ. ಕೊನೇಲಿ ಆಸ್ಪತ್ರೆಯಿಂದ ಎದ್ದು ಬರ್ತೀಯ."

"ನಂಗೆ ಹೊಡ್ದೋರು?"

"ಓಡೋಗ್ತಾರೆ."

"ಅವ್ರನ್ನ ಸಾಯ್ಸು."

"ಅಣ್ಣ, ಇದು ಹೊಡೆದಾಟ ಬೇಡ ಅನ್ನೋ ಹಾಡು!"

ಮಂಜಣ್ಣ ತುಂಬಾ ಯೋಚ್ನೆ ಮಾಡ್ದ. ಮುರುಗ ಆಗ್ಲೇ ಮೈಕ್ ಆನ್ ಮಾಡಿದ್ದ.

"ಸರಿ, ಅವ್ರ ಕಾಲಾದ್ರೂ ಮುರೀರಿ," ಅಂತ ಪಿಸುಗುಟ್ಟಿ, ರೆಕಾರ್ಡಿಂಗಲ್ಲಿ ಸದ್ದು ಬರಬಾರ್ದು ಅಂತ ತುದಿಗಾಲಲ್ಲಿ ಆಚೆ ಹೋಗಿ, ಬಾಗ್ಲನ್ನ ಮೆತ್ತಗೆ ಮುಚ್ಕೊಂಡ.