ಸ್ಕೇಟಿಗೆ ಮಾಡಿದ ಆಯುಧಪೂಜೆ

ನನ್ನ ತಂಗಿ ಐಸ್ ಮೇಲೆ ಜೋಡಿ ಸ್ಕೇಟಿಂಗ್ ಮಾಡುತ್ತಿದ್ದಳು. ಅದು ಅವಳ ಹದಿನೈದನೇ ವಯಸ್ಸಿಗೆ ನಿಂತಿತು. ನಿಂತದ್ದು ನನ್ನಿಂದ.

ಅವಳು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ನಾನು ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಬೆಳೆದು, ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿ, ಹತ್ತೊಂಬತ್ತಕ್ಕೆ ಅದೇ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ಗೆ ಬಂದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಅಡುಗೆಮನೆ ಮತ್ತು ತಂಗಿ ನನ್ನ ಪಾಲಿಗೆ ಬಂದವು. ನಾನು ಡ್ರೈವಿಂಗ್ ಕಲಿತದ್ದೇ ಅವಳನ್ನು ಐಸ್ ರಿಂಕ್‌ಗೆ ಬಿಡುವುದಕ್ಕೆ. ಶಾಲೆಗೆ ಮುಂಚೆ ಎರಡು ಗಂಟೆ ಅವಳ ಅಭ್ಯಾಸ. ಅಷ್ಟು ಹೊತ್ತೂ ನಾನು ಶಾಲು ಹೊದ್ದು ಬೆಂಚಿನ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

ಅವಳ ಜೊತೆಗಾರ ಸ್ಟೇಟನ್ ಐಲೆಂಡ್‌ನಿಂದ ಬರುತ್ತಿದ್ದ ಹುಡುಗ, ಅವಳಿಗಿಂತ ಎರಡು ವರ್ಷ ದೊಡ್ಡವನು. ಜೋಡಿ ಸ್ಕೇಟಿಂಗ್‌ನಲ್ಲಿ ಹುಡುಗಿಯರು ಬೇಕಾದಷ್ಟು ಸಿಗುತ್ತಾರೆ, ಹುಡುಗರು ಸಿಗುವುದಿಲ್ಲ. ಸಿಕ್ಕವನನ್ನು ಉಳಿಸಿಕೊಳ್ಳುವುದೇ ಅರ್ಧ ಕೆಲಸ. ಅವನ ತಾಯಿಗೆ ಇದು ಗೊತ್ತಿತ್ತು. ಇನ್ನೂ ಇಬ್ಬರು ಹುಡುಗಿಯರು ಕೇಳಿದ್ದಾರೆ ಎಂದು ಆಕೆ ನಗುತ್ತಲೇ ಹೇಳುತ್ತಿದ್ದರು.

ಅವಳಿಗೆ ಹದಿನೈದಾದ ವರ್ಷ ಈ ಜೋಡಿಯ ದೊಡ್ಡ ಸ್ಪರ್ಧೆ ಆಯುಧಪೂಜೆಯ ಮಾರನೆಯ ದಿನ ಬಂತು. ಕಾರಿಗೆ, ಹೊಲಿಗೆ ಯಂತ್ರಕ್ಕೆ, ಅಪ್ಪನ ಟೂಲ್‌ಬಾಕ್ಸ್‌ಗೆ ಪೂಜೆ ಮಾಡುವಾಗ ನಾನು ಸ್ಕೇಟ್‌ಗಳನ್ನೂ ತಂದಿಟ್ಟೆ.

"ಚಪ್ಪಲಿನ ದೇವರ ಮುಂದೆ ಇಡ್ತೀಯೇನೇ?" ಎಂದರು ಅಪ್ಪ.

"ಇದು ಚಪ್ಪಲಿ ಅಲ್ಲ. ಕೆಳಗಡೆ ಕತ್ತಿ ಇದೆ ನೋಡಿ."

"ಅಕ್ಕ, ಐ ಆಮ್ ನಾಟ್ ಎ ಸೋಲ್ಜರ್," ಎಂದು ತಂಗಿ ನಕ್ಕಳು. ಅಮ್ಮ ನನ್ನ ಪಕ್ಷ ವಹಿಸಿದರು. ಅಪ್ಪ ಟೂಲ್‌ಬಾಕ್ಸ್ ಸರಿಸಿ ಜಾಗ ಮಾಡಿದರು.

ಬ್ಲೇಡಿಗೆ ಅರಿಶಿನ ಕುಂಕುಮ ಹಚ್ಚಿದೆ. ನಿಂಬೆಹಣ್ಣು ಹೋಳು ಮಾಡಿ, ಕಾರಿನ ಚಕ್ರಕ್ಕೆ ಇಟ್ಟ ಹಾಗೆ ಒಂದೊಂದು ಬ್ಲೇಡಿನ ಕೆಳಗೂ ಒಂದೊಂದು ಹೋಳು ಇಟ್ಟೆ. ಪೂಜೆಗಿಟ್ಟ ವಸ್ತುವನ್ನು ಆ ದಿನ ಮುಟ್ಟಬಾರದು ಎಂದು ನಾನೇ ಕಟ್ಟುನಿಟ್ಟು ಮಾಡಿದೆ.

ಬೆಳಿಗ್ಗೆ ತೆಗೆದು ನೋಡಿದರೆ ನಿಂಬೆಹುಳಿ ತಾಗಿದ ಕಡೆಯೆಲ್ಲ ತುಕ್ಕು ಹಿಡಿದು ಕಂದಾಗಿತ್ತು. ತಂಗಿ ಸ್ನಾನಕ್ಕೆ ಹೋಗಿದ್ದಳು. ನಾನು ಈಳಿಗೆಮಣೆ ಮಸೆಯುವ ಕಲ್ಲು ತಂದು ಎರಡೂ ಬ್ಲೇಡುಗಳನ್ನು ಚೆನ್ನಾಗಿ ಉಜ್ಜಿದೆ. ತುಕ್ಕು ಹೋಯಿತು, ಬ್ಲೇಡು ಹೊಳೆಯಿತು. ಮೇಲೆ ಪ್ಲಾಸ್ಟಿಕ್ ಗಾರ್ಡ್ ತೊಡಿಸಿ ಚೀಲದಲ್ಲಿಟ್ಟು ಜಿಪ್ ಎಳೆದೆ.

ಸ್ಕೇಟಿನ ಬ್ಲೇಡು ಈಳಿಗೆಯ ಹಾಗಲ್ಲ. ಅದರ ತಳದ ಉದ್ದಕ್ಕೂ ಸಣ್ಣ ಕಾಲುವೆಯಂಥ ತಗ್ಗು ಇರುತ್ತದೆ, ಆಚೆ ಈಚೆ ಎರಡು ಅಂಚು. ಸ್ಕೇಟರ್ ನಿಲ್ಲುವುದು ಆ ಅಂಚಿನ ಮೇಲೆ. ನಾನು ಆ ಅಂಚುಗಳನ್ನು ತೇಯ್ದು ಹಾಕಿದ್ದೆ. ಅಷ್ಟು ವರ್ಷ ಬೆಂಚಿನ ಮೇಲೆ ಕೂತವಳು ಒಂದು ಸಲವಾದರೂ ಸ್ಕೇಟನ್ನು ತಿರುಗಿಸಿ ನೋಡಿರಲಿಲ್ಲ.

ಇಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಸ್ಪರ್ಧೆಗೆ ಮುಂಚಿನ ವಾರ್ಮ್‌ಅಪ್‌ನಲ್ಲಿ ಎರಡು ಸುತ್ತು ಹಾಕಿ ತಂಗಿ ಐಸ್ ಸುತ್ತಲಿನ ಕಟಕಟೆಯ ಹತ್ತಿರ ಬಂದಳು.

"ಅಕ್ಕ, ಇಟ್ಸ್ ಸ್ಲಿಪ್ಪಿಂಗ್. ಏನೋ ಸರಿ ಇಲ್ಲ."

ಆಗ ನನಗೆ ಕಲ್ಲಿನ ನೆನಪು ಬಂತು. ಬ್ಲೇಡ್ ಸಾಣೆ ಹಿಡಿಯುವವನು ಅದೇ ಕಟ್ಟಡದಲ್ಲಿದ್ದ. ಅವರ ಸರದಿಗೆ ಇನ್ನೂ ಅರ್ಧ ಗಂಟೆ ಇತ್ತು. ಹುಡುಗನ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಎದುರಿಗೆ ನಿಂಬೆಹಣ್ಣು, ಕುಂಕುಮ, ಕಲ್ಲು ಎಂದು ನನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

"ಹೆದರಿಕೆ ಅಷ್ಟೇ ಕಣೆ. ಹೋಗು," ಎಂದೆ.

ಅವರ ಪ್ರದರ್ಶನದಲ್ಲಿ ಒಂದು ಘಟ್ಟವಿತ್ತು. ಹುಡುಗ ಒಂದೇ ಜಾಗದಲ್ಲಿ ಕಾಲೂರಿ ಅವಳ ಕೈ ಹಿಡಿದು ತಿರುಗಿಸಬೇಕು. ಅವಳು ಒಂದು ಕಾಲಿನ ಬ್ಲೇಡಿನ ಅಂಚಿನ ಮೇಲೆ, ತಲೆ ಐಸ್‌ಗೆ ತಾಗುವಷ್ಟು ಮಲಗಿ, ಅವನ ಸುತ್ತ ಸುತ್ತಬೇಕು. ಅಲ್ಲಿ ಕಾಲು ಜಾರಿತು. ಬೀಳುವಾಗ ಅವನನ್ನೂ ಎಳೆದುಕೊಂಡು ಬಿದ್ದಳು. ಎದ್ದು ಮುಂದುವರಿಸಿದರು, ಮತ್ತೆ ಬಿದ್ದಳು. ಕೊನೆಯ ಸ್ಥಾನ ಬಂತು.

ಅವರಿಬ್ಬರ ಕೋಚ್ ಅವಳ ಬ್ಲೇಡಿನ ಮೇಲೆ ಉಗುರು ಎಳೆದು ನೋಡಿ, ಗಾರ್ಡ್ ಇಲ್ಲದೆ ಸಿಮೆಂಟ್ ನೆಲದ ಮೇಲೆ ನಡೆದೆಯಾ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಅಂಚು ಹೀಗೇಕಾಗಿದೆ ಎಂದರು. ಹುಡುಗನ ತಾಯಿ ಮಗನ ಜಾಕೆಟ್ ಎತ್ತಿಕೊಂಡರು. ತಂಗಿ ನನ್ನ ಮುಖ ನೋಡಿದಳು. ನಾನು ಅವಳ ಚೀಲ ತುಂಬತೊಡಗಿದೆ.

ಕೊನೆಗೆ ಅವಳೇ ಕೋಚ್‌ಗೆ, ಮೇ ಬಿ ಐ ಡಿಡ್, ನಡೆದಿರಬಹುದು, ಎಂದಳು. ಪಾರ್ಕಿಂಗ್ ಲಾಟ್‌ನಲ್ಲಿ ಹುಡುಗನ ಹತ್ತಿರ ಹೋಗಿ ಸಾರಿ ಕೇಳಿದಳು. ಅವನು ಪೆಟ್ಟಾದ ಭುಜ ಹಿಡಿದುಕೊಂಡು ತಲೆಯಾಡಿಸಿದ.

ಆ ತಿಂಗಳೊಳಗೆ ಅವನು ಬೇರೆ ಹುಡುಗಿಯ ಜೊತೆ ಸೇರಿದ. ನಿಮ್ಮ ಹುಡುಗಿ ಒಳ್ಳೆಯವಳು, ಜವಾಬ್ದಾರಿ ಸಾಲದು ಎಂದು ಅವನ ತಾಯಿ ಅಮ್ಮನಿಗೆ ಫೋನಿನಲ್ಲಿ ಹೇಳಿದರಂತೆ. ತಂಗಿ ಎರಡು ವರ್ಷ ಬೇರೆ ಜೊತೆಗಾರನಿಗಾಗಿ ಕಾದಳು. ಯಾರೂ ಸಿಗಲಿಲ್ಲ. ಕಾಲೇಜಿಗೆ ಸೇರಿದಳು. ತಾನು ಗಾರ್ಡ್ ಇಲ್ಲದೆ ನಡೆದದ್ದು ಯಾವಾಗ ಎಂದು ಅವಳು ಊಟದ ಮಧ್ಯೆ ಯೋಚಿಸುತ್ತ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಾರು ಬಡಿಸಿ ಒಳಗೆ ಹೋಗುತ್ತಿದ್ದೆ.

ಅವಳಿಗೆ ಇಪ್ಪತ್ಮೂರಾದಾಗ, ಜೆರ್ಸಿ ಸಿಟಿಯ ಅವಳ ಅಪಾರ್ಟ್‌ಮೆಂಟಿನಲ್ಲಿ, ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ಹಾಗಾದ್ರೆ ನಾನು ನಡೆದಿರಲಿಲ್ಲ."

"ಇಲ್ಲ."

"ವಾರ್ಮ್‌ಅಪ್‌ನಲ್ಲಿ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅವಳು ಇನ್ನೆರಡು ಟವೆಲ್ ಮಡಚಿದಳು. "ಅವನಿಗೆ ಹೇಳು. ಅವರಮ್ಮನಿಗೂ."

"ನನ್ನ ಇಂಗ್ಲಿಷು ನಿಂಗೆ ಗೊತ್ತಲ್ಲ. ನೀನು ಬರೆದುಕೊಡು."

"ನೋ. ನಿಂಗೆ ಬಂದ ಹಾಗೆ ಬರಿ, ಅಕ್ಕ."

ಅಲ್ಲೇ ಕೂತು ಬರೆದೆ. ಐದು ಸಾಲಿಗೆ ಒಂದು ಗಂಟೆ ಹಿಡಿಯಿತು. ಅವಳು ಓದಿದಳು, ಒಂದು ಕಾಗುಣಿತವನ್ನೂ ತಿದ್ದಲಿಲ್ಲ. ಹಳೆಯ ಅಡ್ರೆಸ್ ಅವಳಿಗೆ ಬಾಯಿಪಾಠವಿತ್ತು, ಹೇಳಿದಳು, ಲಕೋಟೆಯ ಮೇಲೆ ಬರೆದುಕೊಂಡೆ. ಊಟಕ್ಕೆ ಇರು ಎನ್ನಲಿಲ್ಲ. ಟ್ರೈನ್ ಸ್ಟೇಷನ್ನಿನ ಹತ್ತಿರದ ಪೆಟ್ಟಿಗೆಗೆ ಕಾಗದ ಹಾಕಿ ಮನೆಗೆ ಬಂದೆ. ಉತ್ತರ ಬರಲಿಲ್ಲ. ಬಂತಾ ಎಂದು ಅವಳು ಮೊದಲ ಒಂದು ವರ್ಷ ಪ್ರತಿ ಭಾನುವಾರ ಫೋನ್ ಮಾಡಿ ಕೇಳುತ್ತಿದ್ದಳು.